ಹದಿನೇಳನೆಯ ಬಿಲ್ಲೆ

ದೇಶದ ಕಾನೂನೆಲ್ಲ ಹುಟ್ಟುವುದು ಸಂಸತ್ ಭವನದ ದೊಡ್ಡ ಗುಮ್ಮಟದ ಕೆಳಗೆ ಎಂದು ಜನ ತಿಳಿದಿದ್ದಾರೆ. ಅದು ಅರ್ಧ ನಿಜ. ಕೆಲವು ಹುಟ್ಟುವುದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಆ ಡಬ್ಬಿ ಮೊದಲ ಮಹಡಿಯ ಮಸೂದೆ ಶಾಖೆಯ ಹಸಿರು ಬೀರುವಿನಲ್ಲಿರುತ್ತದೆ. ಬೀರುವಿನ ಬೀಗದಕೈ ಇರುವುದು ಶಾಖೆಯ ಹಿರಿಯ ಗುಮಾಸ್ತೆಯ ಬಳಿ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆದಿಲ್ಲ. ಮಂತ್ರಿಯಿಂದ ಹಿಡಿದು ಬಾಗಿಲು ಕಾಯುವ ಮುದುಕನ ತನಕ ಎಲ್ಲರಿಗೂ ಆಕೆ ಡಬ್ಬಿಯಮ್ಮ.

ಸರ್ಕಾರ ತರುವ ಮಸೂದೆಗಳಿಗೆ ವಾರವಿಡೀ ಸಮಯ. ಮಂತ್ರಿಗಳಲ್ಲದ ಸದಸ್ಯರೂ ಮಸೂದೆ ತರಬಹುದು, ಬೇಡ ಎಂದವರಿಲ್ಲ. ಆದರೆ ಅವರ ಪಾಲಿಗೆ ಬರುವುದು ಮೂರು ತಿಂಗಳಿಗೊಂದು ಶುಕ್ರವಾರದ ಮಧ್ಯಾಹ್ನ ಮಾತ್ರ. ಸಾಲಿನಲ್ಲಿ ನಲವತ್ತು ಚಿಲ್ಲರೆ ಮಸೂದೆ, ಜಾಗ ಒಂದು. ನಾನು ಮುಂದೆ, ತಾನು ಮುಂದೆ ಎಂಬ ಜಗಳ ಬೇಡವೆಂದು ಹಿಂದಿನವರು ಒಂದು ಪದ್ಧತಿ ಮಾಡಿಟ್ಟರು. ಮಸೂದೆಗೊಂದು ನಂಬರು, ನಂಬರಿಗೊಂದು ಮರದ ಬಿಲ್ಲೆ. ಡಬ್ಬಿಯಮ್ಮ ಬಿಲ್ಲೆಗಳನ್ನು ಎಣಿಸಿ ಮುಚ್ಚಳ ಹಾಕುತ್ತಾಳೆ, ಕಾರ್ಯದರ್ಶಿಗಳು ಡಬ್ಬಿ ಅಲ್ಲಾಡಿಸುತ್ತಾರೆ, ಬಾಗಿಲ ಮುದುಕ ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಾನೆ. ಯಾವ ಬಿಲ್ಲೆ ಬಂದರೂ ಆಕೆಯ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ.

ಇಪ್ಪತ್ತಮೂರನೆಯ ನಂಬರಿನ ಮಸೂದೆ ಶಾಖೆಗೆ ಬಂದ ಮೇಲೆ ಮಾತ್ರ ಆಕೆಯ ನೆಮ್ಮದಿ ಕೆಟ್ಟಿತು.

ಆಕೆಗೆ ಒಬ್ಬನೇ ತಮ್ಮ. ಹುಟ್ಟಿನಿಂದಲೇ ಅವನಿಗೆ ಕಿವಿ ಕೇಳದು, ಮಾತಿಲ್ಲ. ಕೋಟು ಹೊಲಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಕೀಟಲೆಯಲ್ಲೂ ಅಷ್ಟೇ. ಆರು ವರ್ಷದ ಹಿಂದೆ ಅವನಿಗೆ ಹೊಟ್ಟೆನೋವು ಬಂತು. ಅಕ್ಕ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಳು. ಆಸ್ಪತ್ರೆಯಲ್ಲಿ ಅವನ ಸನ್ನೆ ಒಬ್ಬರಿಗೂ ಅರ್ಥವಾಗಲಿಲ್ಲ. ಬರೆದು ತೋರಿಸೋಣವೆಂದರೆ ನೋವಿಗೆ ಕೈ ನಡುಗುತ್ತಿತ್ತು. ಅಜೀರ್ಣವಿರಬೇಕೆಂದು ಔಷಧ ಕುಡಿಸಿ ಎರಡು ದಿನ ಮಲಗಿಸಿದರು. ಮೂರನೆಯ ದಿನ ಒಳಗೆ ಕರುಳುಬಾಲ ಒಡೆಯಿತು. ಅಕ್ಕ ಓಡಿ ಬರುವಷ್ಟರಲ್ಲಿ ಕತ್ತರಿಸಿ ಹೊಲಿದು ಆಗಿತ್ತು, ಬದುಕಿದ್ದೇ ಹೆಚ್ಚು. "ಹೊಲಿಗೆ ನೋಡಕ್ಕ, ಇಷ್ಟು ಕೆಟ್ಟದಾಗಿ ನಾನು ಗೋಣಿಚೀಲಾನೂ ಹೊಲಿಯಲ್ಲ" ಎಂದು ಅವನು ಕೈಯಲ್ಲೇ ಹೇಳಿ ನಕ್ಕ. ಆಕೆಗೆ ನಗು ಬರಲಿಲ್ಲ.

ಆಮೇಲೆ ಅವನು ಅಕ್ಕನಿಗೆ ತಿಳಿಸದೆ, ತನ್ನ ಕಥೆಯನ್ನು ನಾಲ್ಕು ಹಾಳೆ ಬರೆದುಕೊಂಡು ತಮ್ಮ ಕ್ಷೇತ್ರದ ಸದಸ್ಯೆಯ ಮುಂದೆ ಹೋಗಿ ನಿಂತ. ಆ ಸದಸ್ಯೆ ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು. ಭವನದಲ್ಲಿ ಎಲ್ಲರ ಬಾಯಲ್ಲೂ ಟೀಚರ್. ಪಕ್ಷೇತರರು, ಬೆನ್ನಿಗೆ ಯಾರೂ ಇಲ್ಲ. ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಸನ್ನೆ ಭಾಷೆ ಬಲ್ಲವರೊಬ್ಬರು ಇರಲೇಬೇಕೆಂದು ಅವರು ಮಸೂದೆ ಬರೆದು ತಂದರು. ಅದನ್ನು ಇಪ್ಪತ್ತಮೂರನೆಯದಾಗಿ ದಾಖಲಿಸಿಕೊಳ್ಳುವಾಗ, ಜೊತೆಗಿದ್ದ ನಾಲ್ಕು ಹಾಳೆ ನೋಡಿಯೇ ಡಬ್ಬಿಯಮ್ಮನಿಗೆ ತಮ್ಮನ ಕಿತಾಪತಿ ಗೊತ್ತಾದದ್ದು. ತಾನು ಅವನ ಅಕ್ಕ ಎಂದು ಆಕೆ ಟೀಚರಿಗೆ ಹೇಳಲಿಲ್ಲ. ಡಬ್ಬಿ ಕಾಯುವವರಿಗೆ ಆಸೆ ಇರಬಾರದು ಎನ್ನುವುದು ಆಕೆಯ ಮತ.

ಆಸೆ ಕೇಳಬೇಕಲ್ಲ! ಮೂರು ವರ್ಷದಲ್ಲಿ ಹನ್ನೊಂದು ಸಲ ಡಬ್ಬಿ ಅಲ್ಲಾಡಿತು, ಹನ್ನೊಂದು ಸಲವೂ ಇಪ್ಪತ್ತಮೂರು ಒಳಗೇ ಉಳಿಯಿತು. ಈಗ ಸದನದ ಅವಧಿ ಮುಗಿಯಲು ಒಂದು ತಿಂಗಳಿತ್ತು. ಅವಧಿ ಮುಗಿದರೆ ಪಾಸಾಗದ ಮಸೂದೆಗಳೆಲ್ಲ ಸತ್ತಂತೆ. ಉಳಿದದ್ದು ಒಂದೇ ಶುಕ್ರವಾರ.

ಆ ಸೋಮವಾರ ಡಬ್ಬಿಯಮ್ಮ ನಲವತ್ತು ಬಿಲ್ಲೆ ಎಣಿಸಿ ಹಾಕಿದಳು. ಬಾಗಿಲ ಮುದುಕ ಕಣ್ಣು ಮುಚ್ಚಿ ಕೈ ಹಾಕಿ ಎತ್ತಿದ. ಕಾರ್ಯದರ್ಶಿಗಳು ಓದಿದರು: "ಇಪ್ಪತ್ತಮೂರು."

ಆಕೆ ಯಾವತ್ತಿನಂತೆ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಕೋಣೆಗೆ ಬಂದು ಬಾಗಿಲು ಹಾಕಿ, ಐವತ್ತಾರರ ಹೆಂಗಸು, ಬೀರುವಿನ ಮುಂದೆ ಎರಡು ಸುತ್ತು ಕುಣಿದಳು. ಬಿಸಿಲು ಜಾಸ್ತಿಯಾಯಿತೆಂದು ಪರದೆ ಎಳೆಯಲು ಕಿಟಕಿಗೆ ಹೋದಾಗ, ಹೂವಿನ ಕುಂಡದ ಪಕ್ಕದಲ್ಲಿ ಒಂದು ಮರದ ಬಿಲ್ಲೆ ಕಂಡಿತು. ಎತ್ತಿ ನಂಬರು ನೋಡಿದಳು.

ಹದಿನೇಳು. ಬಣ್ಣ ಮಾಸಿತ್ತೆಂದು ಬೆಳಿಗ್ಗೆ ಆಕೆಯೇ ನಂಬರು ತಿದ್ದಿ ಒಣಗಲು ಇಟ್ಟಿದ್ದಳು. ಹಾಗಾದರೆ ಎಣಿಕೆ ಸರಿಹೋದದ್ದು ಹೇಗೆ? ಡಬ್ಬಿ ತೆರೆದು ನೋಡಿದಳು. ಒಂಬತ್ತನೆಯ ಮಸೂದೆಯನ್ನು ಅದರ ಸದಸ್ಯರು ಅದೇ ಬೆಳಿಗ್ಗೆ ಹಿಂತೆಗೆದುಕೊಂಡಿದ್ದರು, ನಲವತ್ತೊಂದಿದ್ದದ್ದು ನಲವತ್ತಾಗಿತ್ತು. ಆ ಬಿಲ್ಲೆಯನ್ನು ತೆಗೆಯಲು ಆಕೆ ಮರೆತಿದ್ದಳು. ಇರಬೇಕಾದದ್ದು ಹೊರಗೆ, ಇರಬಾರದ್ದು ಒಳಗೆ. ಒಟ್ಟು ಮಾತ್ರ ನಲವತ್ತು. ಇಪ್ಪತ್ತೆರಡು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವಳು ಎಡವಿದ್ದು ಇವತ್ತೇ.

ಬಿಲ್ಲೆಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಮುಗಿಯಿತು, ನರಪಿಳ್ಳೆಗೂ ತಿಳಿಯುವುದಿಲ್ಲ. ಆಕೆ ಅದನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಳು. ತಮ್ಮನ ಹೊಟ್ಟೆಯ ಮೇಲಿನ ಹೊಲಿಗೆ ನೆನಪಾಯಿತು. ಸ್ವಲ್ಪ ಅತ್ತಳು ಕೂಡ. ಆಮೇಲೆ ಮೂಗು ಒರೆಸಿಕೊಂಡು ಕಾರ್ಯದರ್ಶಿಗಳ ಕೋಣೆಗೆ ಹೋಗಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು.

"ಸಾರ್, ಇದು ಡಬ್ಬೀಲಿರಲಿಲ್ಲ. ನನ್ನದೇ ತಪ್ಪು."

ಕಾರ್ಯದರ್ಶಿಗಳು ಕನ್ನಡಕ ತೆಗೆದರು. "ಇದು ಬೇರೆ ಯಾರಿಗಾದ್ರೂ ಗೊತ್ತೇನಮ್ಮ?"

"ಇಲ್ಲ ಸಾರ್. ಇನ್ನೊಂದು ಮಾತು. ಇಪ್ಪತ್ತಮೂರನೇ ಮಸೂದೆ ಹುಟ್ಟೋಕೆ ಕಾರಣ ನನ್ನ ತಮ್ಮ. ಅದರ ಬಿಲ್ಲೆ ಬಂದಿದ್ದಕ್ಕೆ ನನಗಿಂತ ಖುಷಿಪಟ್ಟೋರು ಈ ಕಟ್ಟಡದಲ್ಲೇ ಇಲ್ಲ. ಮತ್ತೆ ಎತ್ತಿಸಿಬಿಡಿ."

ಸಂಜೆ ನಾಲ್ಕಕ್ಕೆ ಆಡಳಿತ, ವಿರೋಧ ಎರಡೂ ಪಕ್ಷದವರನ್ನು ಕರೆಸಿ, ಆದದ್ದನ್ನು ಹೇಳಿ, ಮತ್ತೆ ಡಬ್ಬಿ ಅಲ್ಲಾಡಿಸಿದರು. ಬಂದದ್ದು ಮೂವತ್ತೊಂದು: ಲಾರಿಗಳ ಹಾರ್ನಿನ ಸದ್ದು ತಗ್ಗಿಸುವ ಮಸೂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮನೆಗೆ ಹೋಗಿ ಹೇಳಿದಾಗ ತಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎರಡೂ ಕೈ ಖಾಲಿ ಮಾಡಿಕೊಂಡ. "ಹಾರ್ನಾ? ನನಗಂತೂ ಯಾವತ್ತೂ ತೊಂದರೆ ಕೊಟ್ಟಿಲ್ಲಪ್ಪ" ಎಂದ. ಆಕೆ ಅಳುತ್ತಲೇ ನಕ್ಕಳು. "ನೀನು ಹೇಳದೆ ಇದ್ದಿದ್ರೆ ನಿನ್ನ ಮುಖ ನೋಡೇ ನಾನು ಕಂಡುಹಿಡೀತಿದ್ದೆ ಅಕ್ಕ" ಎಂದೂ ಸೇರಿಸಿದ.

ಮರುದಿನ ಟೀಚರ್ ಮಸೂದೆ ಶಾಖೆಗೆ ಬಂದರು. ಬೈಸಿಕೊಳ್ಳಲು ಡಬ್ಬಿಯಮ್ಮ ಎದ್ದು ನಿಂತಳು.

"ಆ ಟೈಲರ್ ನಿಮ್ಮ ತಮ್ಮ ಅಂತ ಮೂರು ವರ್ಷ ಬಾಯಿ ಬಿಡಲಿಲ್ಲವಲ್ರೀ!" ಟೀಚರ್ ಕುರ್ಚಿ ಎಳೆದು ಕೂತರು. "ಕೂತ್ಕೊಳ್ಳಿ. ಶುಕ್ರವಾರ ಸಿಕ್ಕಿದ್ರೂ ನಾನು ಒಂದು ಗಂಟೆ ಮಾತಾಡಿ ಮನೆಗೆ ಹೋಗ್ತಿದ್ದೆ ಅಷ್ಟೆ. ಅದು ಸಮಿತಿಗೆ ಹೋಗೋದ್ಯಾವಾಗ, ಮೇಲ್ಮನೆಗೆ ಹೋಗೋದ್ಯಾವಾಗ, ಅಷ್ಟರಲ್ಲಿ ಸದನಾನೇ ಇರಲ್ಲ. ನಿನ್ನೆ ರಾತ್ರಿ ಯೋಚನೆ ಬಂತು. ಸರ್ಕಾರದ ಆಸ್ಪತ್ರೆ ಮಸೂದೆ ಸಮಿತೀಲಿದೆ, ನಾನೂ ಆ ಸಮಿತೀಲಿದ್ದೀನಿ. ಗುರುವಾರ ಕಲಮು ಕಲಮಾಗಿ ಚರ್ಚೆ. ಅದಕ್ಕೆ ನಮ್ಮ ಸನ್ನೆ ಭಾಷೆ ಮಾತನ್ನೇ ಸೇರಿಸಿ ಒಂದು ತಿದ್ದುಪಡಿ ತರ್ತೀನಿ. ಅಲ್ಲಿ ಬಿಲ್ಲೆ ಬೇಡ, ಕೈ ಎತ್ತೋರು ಬೇಕು."

"ಎಷ್ಟು ಜನ ಎತ್ತಾರೆ ಮೇಡಂ?"

"ಆರು ಗ್ಯಾರಂಟಿ. ಏಳು ಬೇಕು."

ಗುರುವಾರ ಹದಿಮೂರು ಜನರ ಸಮಿತಿಯಲ್ಲಿ ಆರು ಕೈ ಎದ್ದವು. ಏಳನೆಯದು ಎದ್ದದ್ದು ಆಡಳಿತ ಪಕ್ಷದ ಸಾಲಿನಿಂದ. ಟೀಚರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಹಳೆಯ ಸದಸ್ಯರೊಬ್ಬರು, ಹದಿನೇಳನೆಯ ಮಸೂದೆಯ ಒಡೆಯರು. "ನನ್ನ ಬಿಲ್ಲೆ ಕಿಟಕೀಲಿ ಒಣಗ್ತಿತ್ತು. ಆಯಮ್ಮ ಸುಮ್ಮನಿದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಅಂಥೋರ ಮನೇಲಿ ಏನಾಯ್ತು ಅಂತ ಟೀಚರ್ ಹಂಚಿದ ಆ ತಮ್ಮನ ನಾಲ್ಕು ಹಾಳೆ ಓದ್ದೆ. ಓದಿದ ಮೇಲೆ ಕೈ ಕೆಳಗಿಡೋದು ಹೇಗ್ರಿ?" ಎಂದರಂತೆ.

ಕೊನೆಯ ವಾರ ಆ ಆಸ್ಪತ್ರೆ ಮಸೂದೆ ಸದನದಲ್ಲಿ ಮತಕ್ಕೆ ಬಂತು. ಡಬ್ಬಿಯಮ್ಮ ಅಧಿಕಾರಿಗಳ ಬೆಂಚಿನಲ್ಲಿ ಕಡತ ಹಿಡಿದು ಕೂತಿದ್ದಳು. ಮೇಲೆ ಪ್ರೇಕ್ಷಕರ ಗ್ಯಾಲರಿಯಲ್ಲಿ ತಮ್ಮ, ಅವನ ಜೊತೆ ಹದಿನೈದಿಪ್ಪತ್ತು ಗೆಳೆಯರು. ಗ್ಯಾಲರಿಯವರು ಮಾತಾಡುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಸದ್ದು ಮಾಡಿದರೆ ಹೊರಗೆ ಎಂದು ಗೋಡೆಯ ಮೇಲೆ ಬರೆದಿದೆ. "ಸಮಿತಿ ತಿದ್ದಿದ ರೂಪದಲ್ಲಿ ಮಸೂದೆ ಅಂಗೀಕಾರವಾಗಿದೆ" ಎಂದು ಸಭಾಧ್ಯಕ್ಷರು ಹೇಳಿದರು. ಮೇಲ್ಮನೆಗೆ ಹೋಗುವುದಿತ್ತು, ರಾಷ್ಟ್ರಪತಿಗಳ ಸಹಿಯಾಗುವುದಿತ್ತು. ಸರ್ಕಾರದ ಮಸೂದೆಯಾದ್ದರಿಂದ ಅವೆರಡೂ ಆ ತಿಂಗಳೊಳಗೇ ಆದವು.

ಗ್ಯಾಲರಿಯಲ್ಲಿ ಅಷ್ಟೂ ಜನ ಎದ್ದು ನಿಂತರು. ಕೈಗಳನ್ನು ತಲೆಯ ಮೇಲೆತ್ತಿ ಬೆರಳು ಬಿಡಿಸಿ ಅಲ್ಲಾಡಿಸತೊಡಗಿದರು. ಅವರ ಚಪ್ಪಾಳೆ ಅದು. ಒಂದು ಚೂರೂ ಸದ್ದಿಲ್ಲ. ಬಾಗಿಲ ಮುದುಕ ತಡೆಯಲು ಎರಡು ಹೆಜ್ಜೆ ಇಟ್ಟವನು ಗೋಡೆಯ ಮೇಲಿನ ನಿಯಮವನ್ನು ಇನ್ನೊಮ್ಮೆ ಓದಿ, ತಲೆ ಕೆರೆದುಕೊಂಡು ನಿಂತುಬಿಟ್ಟ. ಕೆಳಗೆ ಸದಸ್ಯರೆಲ್ಲ ಕತ್ತೆತ್ತಿ ನೋಡಿದರು.

ಅಧಿಕಾರಿಗಳು ಯಾವುದಕ್ಕೂ ಸಂತೋಷ ತೋರಿಸುವಂತಿಲ್ಲ. ಡಬ್ಬಿಯಮ್ಮ ಮುಖದ ಗೆರೆ ಅಲ್ಲಾಡಿಸದೆ ಕೂತಿದ್ದಳು. ಆದರೆ ಮೇಲಿನಿಂದ ತಮ್ಮನಿಗೆ ಕಾಣುತ್ತಿತ್ತು: ಕಡತದ ಮರೆಯಲ್ಲಿ, ಮಡಿಲಲ್ಲಿದ್ದ ಅಕ್ಕನ ಹತ್ತೂ ಬೆರಳು ಅಲ್ಲಾಡುತ್ತಿದ್ದವು.