ಮಾಸ್ಕೋದ ಪತ್ರಿಕೆ, ಖಾರ್ಕಿವ್‌ನ ಗೆಳೆಯ

ಮೊನ್ನೆ ಮಲೇಶಿಯಾದ ಬ್ರಿಕ್‌ಫೀಲ್ಡ್ಸ್‌ನ ಮಾಮಾಕ್ ಚಹಾದಂಗಡಿಯ ಹೊರಗೆ ಮುದುಕನೊಬ್ಬ ಸಿಗರೇಟು ಹಚ್ಚಿದ. ಅವನ ಕಂಕುಳಲ್ಲಿ ಮಳೆಗೆ ನೆನೆದ ಪತ್ರಿಕೆಯಿತ್ತು. ಹೊಗೆಸೊಪ್ಪು, ಒದ್ದೆ ಕಾಗದ ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಚಹಾ ಲೋಟದಲ್ಲೇ ಆರಿಹೋಯಿತು. ಅದು ನಮ್ಮ ಮನೆಯ ವಾಸನೆ. ಅಲ್ಲಿಂದ ಎರಡು ಬೀದಿ ಆಚೆ, ಈಗ ಬೇರೆ ಯಾರೋ ಬಟ್ಟೆ ಒಣಹಾಕುವ ಫ್ಲ್ಯಾಟಿನಲ್ಲಿ ನಾನು ಬೆಳೆದೆ. ನಿಮ್ಮ ಬಾಲ್ಯಕ್ಕೆ ಒಗ್ಗರಣೆಯದೋ ಮಲ್ಲಿಗೆಯದೋ ವಾಸನೆ ಇದ್ದೀತು. ನನ್ನದಕ್ಕೆ ಕಂಡು ಕೇಳರಿಯದ ಊರಿನ ಅಗ್ಗದ ಸಿಗರೇಟಿನದು. ನಗಬೇಡಿ, ಆ ವಾಸನೆಗಾಗಿ ನಾನೀಗ ಏನು ಬೇಕಾದರೂ ಕೊಟ್ಟೇನು.

ಅಪ್ಪ ಉಡುಪಿಯವರು. ಡಾಕ್ಟರಿಕೆ ಓದಿದ್ದು ಸೋವಿಯತ್ ಕಾಲದ ಖಾರ್ಕಿವ್‌ನಲ್ಲಿ, ಮಲೇಶಿಯಾಕ್ಕೆ ಬಂದದ್ದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡಲು. ಖಾರ್ಕಿವ್‌ನಿಂದ ಅವರು ಗಳಿಸಿ ತಂದದ್ದು ರಷ್ಯನ್ ಭಾಷೆ ಮತ್ತು ಮಿಕೋಲಾ ಅಂಕಲ್‌ರ ಸ್ನೇಹ. ಇಬ್ಬರಿಗೂ ಅಂಚೆಚೀಟಿಯ ಹುಚ್ಚು. ಮಾಸ್ಕೋದಲ್ಲಿ ಅಚ್ಚಾಗುತ್ತಿದ್ದ ಅಂಚೆಚೀಟಿ ಸಂಗ್ರಾಹಕರ ಮಾಸಪತ್ರಿಕೆಯೊಂದು ಇಬ್ಬರಿಗೂ ವೇದ. ಮಿಕೋಲಾ ಅಂಕಲ್ ಅದಕ್ಕೆ ಚಂದಾದಾರರು. ಸಿಗರೇಟು ಸೇದುತ್ತಾ ತಾವು ಓದಿ ಮುಗಿಸಿ, ಅಂಚಿನಲ್ಲಿ ತಕರಾರುಗಳನ್ನು ಬರೆದು, ನಮಗೆ ಅಂಚೆಗೆ ಹಾಕುತ್ತಿದ್ದರು. ಪತ್ರಿಕೆ ಬಂದ ದಿನ ಅಪ್ಪ ಊಟದ ಮೇಜು ಪೂರ್ತಿ ಹರಡಿಕೊಂಡು ಕೂತರೆ, ಅಮ್ಮ ನನಗೆ ನೆಲದ ಮೇಲೆ ಬಡಿಸುತ್ತಿದ್ದಳು. "ಎಂತದು ಮಾರಾಯ್ರೆ, ಕಾಗದ ತಿಂದ್ರೆ ಹೊಟ್ಟೆ ತುಂಬ್ತದಾ?" ಎಂದು ಗೊಣಗಿ, ಅವರ ತಟ್ಟೆ ಮುಚ್ಚಿಡುತ್ತಿದ್ದಳು.

ನಾನು ಹುಟ್ಟುವ ಹೊತ್ತಿಗೆ ಸೋವಿಯತ್ ದೇಶ ಒಡೆದುಹೋಗಿತ್ತು. ಪತ್ರಿಕೆ ತನ್ನ ಹೆಸರಿನಿಂದ ದೇಶವನ್ನು ಕಿತ್ತುಹಾಕಿ, ಉಳಿದ ಅರ್ಧ ಹೆಸರಿನಲ್ಲೇ ಹೊರಬರುತ್ತಿತ್ತು. ನನಗೆ ನೆನಪಿರುವ ಮೊದಲ ಸಂಚಿಕೆಗಳು ಬಡಕಲಾಗಿದ್ದವು, ಕಾಗದ ಒರಟಾಗಿತ್ತು, ಮಸಿ ಬೆರಳಿಗೆ ಅಂಟುತ್ತಿತ್ತು. ಆಮೇಲೆ ಬಣ್ಣ ಬಂತು, ನುಣುಪು ಬಂತು. ಖಾರ್ಕಿವ್‌ನ ಮಿಕೋಲಾ ಅಂಕಲ್ ಈಗ ಉಕ್ರೇನಿನವರಾಗಿದ್ದರೂ ಮಾಸ್ಕೋದ ಚಂದಾ ಬಿಡಲಿಲ್ಲ. "ದೇಶ ಎರಡಾದ್ರೆ ಎಂತ ಮಗಾ, ಪತ್ರಿಕೆ ಒಂದೇ ಅಲ್ವಾ" ಎಂದು ಅಪ್ಪ ಹೆಮ್ಮೆಪಡುತ್ತಿದ್ದರು. ನಾನು ಮಲೇಶಿಯಾದ ಧಾಟಿಯಲ್ಲಿ "ಯಾ ಲಾ, ಅಪ್ಪ" ಎಂದು ಟಿವಿಯ ಕಡೆ ತಿರುಗುತ್ತಿದ್ದೆ. ಆ ಮಾತನ್ನು ಅವರು ಮನಸಾರೆ ನಂಬಿದ್ದರು. ನಂಬಿಯೇ ಕೆಟ್ಟರು.

ನಾನು ಮದುವೆಯಾಗಿ ಪುತ್ರಜಯಾ ಊರು ಸೇರಿದ ಮೇಲೆ ರಷ್ಯಾಕ್ಕೂ ಉಕ್ರೇನಿಗೂ ಯುದ್ಧ ಶುರುವಾಯಿತು. ಎರಡು ದೇಶಗಳ ನಡುವೆ ಅಂಚೆ ನಿಂತಿತು. ಮಿಕೋಲಾ ಅಂಕಲ್‌ರ ಬೀದಿಗೆ ಬಾಂಬು ಬಿತ್ತು. "ಬದುಕಿದ್ದೇನೆ" ಎಂದಷ್ಟೇ ವಾಟ್ಸಾಪಿನಲ್ಲಿ ಬರೆದರು. ಗೆಳೆಯನಿಗೆ ಏನಾದರೂ ಮಾಡಬೇಕು, ಏನು ಮಾಡುವುದು? ಅಪ್ಪನಿಗೆ ಹೊಳೆದದ್ದು ಒಂದೇ: ಪಾಪ, ಅವನಿಗೆ ಪತ್ರಿಕೆ ಸಿಗುತ್ತಿಲ್ಲವಲ್ಲ. ಮಾಸ್ಕೋದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಾಡಿ ಬೇಡಿ ಹೊಸ ಸಂಚಿಕೆ ತರಿಸಿಕೊಂಡರು. ಪಕ್ಕದ ದೇಶಕ್ಕೆ ಹೋಗಬೇಕಾದದ್ದು ಮಲೇಶಿಯಾ ಸುತ್ತಿ ಹೊರಟಿತು. ಕಳಿಸುವ ಮುಂಚೆ ಅಪ್ಪ ಭೂತಗನ್ನಡಿ ಹಿಡಿದು, ಅದರಲ್ಲಿ ಅಚ್ಚಾಗಿದ್ದ ಹೊಸ ಚೀಟಿಗಳ ಬಣ್ಣ, ಅಂಚಿನ ಗರಗಸದಂಥ ಹಲ್ಲು ಎಲ್ಲವನ್ನೂ ನೋಡಿದರು. ಒಂದರ ಮೂಲೆಯಲ್ಲಿ ಅಚ್ಚಿನ ದೋಷ ಸಿಕ್ಕಿತು. ಮಿಕೋಲಾ ಖುಷಿಪಡಲಿ ಎಂದು ಆ ಚೀಟಿಯ ಸುತ್ತ ಪೆನ್ಸಿಲಿನಲ್ಲಿ ವೃತ್ತ ಎಳೆದರು. ಅಂಚೆಚೀಟಿಯ ಜನರೇ ಹಾಗೆ. ತಪ್ಪಾಗಿ ಅಚ್ಚಾದ ಚೀಟಿಗೇ ಅವರಲ್ಲಿ ಬೆಲೆ ಹೆಚ್ಚು, ದೋಷ ಕಂಡರೆ ಮಿಕ್ಕಿದ್ದೇನೂ ಕಾಣುವುದಿಲ್ಲ.

ಬಹಳ ದಿನಗಳ ಮೇಲೆ, ನಾನು ಅಪ್ಪನ ಮನೆಗೆ ಬಂದಿದ್ದಾಗಲೇ, ವಾಟ್ಸಾಪಿನಲ್ಲಿ ಉತ್ತರ ಬಂತು. ವೃತ್ತ ಎಳೆದ ಪುಟದ ಫೋಟೋ, ಕೆಳಗೆ ರಷ್ಯನ್‌ನಲ್ಲಿ ಒಂದು ಸಾಲು. ಅಪ್ಪ ನಮಗೆ ಕನ್ನಡದಲ್ಲಿ ಹೇಳಿದರು: "ನೋಡಿ ಕಳಿಸಿದೆಯಾ, ನೋಡದೆ ಕಳಿಸಿದೆಯಾ?" ಆಮೇಲೆ ಫೋಟೋ ದೊಡ್ಡದು ಮಾಡಿ, ಆ ಚೀಟಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಮೊದಲ ಸಲ ಓದಿದರು. ಇದೇ ಯುದ್ಧದಲ್ಲಿ ಸತ್ತ ರಷ್ಯಾದ ಸೈನಿಕನೊಬ್ಬನ ಗೌರವಕ್ಕೆ ತಂದ ಚೀಟಿ ಅದು. ಅವನ ಮುಖದ ಸುತ್ತ ಅಪ್ಪನ ವೃತ್ತ. ಅಪ್ಪ ಫೋನು ಕೆಳಗಿಟ್ಟರು. "ನೋಡ್ಲಿಲ್ಲ ಅಂದ್ರೆ ನಂಬ್ತಾನಾ ಅವನು?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಸುಳ್ಳು ಸಮಾಧಾನ ಹೇಳುವವಳಲ್ಲ. "ಜನ್ಮ ಪೂರ್ತಿ ಅದನ್ನೇ ನೋಡಿದವ್ರು ನೀವು. ಹೇಗೆ ನಂಬ್ತಾರೆ?" ಎಂದಳು.

ಅಪ್ಪ ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೂ "ನೋಡಲಿಲ್ಲ, ಕ್ಷಮಿಸು" ಎಂದು ಕಳಿಸುವಾಗ ವಾರ ಕಳೆದಿತ್ತು. ಒಂದೇ ಟಿಕ್ ಬಿತ್ತು, ಎರಡನೆಯದು ಬೀಳಲಿಲ್ಲ. ಮಿಕೋಲಾ ಅಂಕಲ್ ಇವರನ್ನು ಬ್ಲಾಕ್ ಮಾಡಿದರೋ, ಆ ಬೀದಿಗೆ ಮತ್ತೆ ಬಾಂಬು ಬಿತ್ತೋ, ವಿಚಾರಿಸಲು ನಮಗೆ ಅಲ್ಲಿ ಬೇರೆ ಯಾರೂ ಗೊತ್ತಿರಲಿಲ್ಲ. ಅಪ್ಪ ಹೋದ ವರ್ಷ ತೀರಿಕೊಂಡರು. ಫ್ಲ್ಯಾಟ್ ಬಿಟ್ಟೆವು, ಅಮ್ಮ ನನ್ನ ಜೊತೆಗಿದ್ದಾಳೆ. ದೇವರ ಮುಂದೆ ತನಗಾಗಿ ಏನನ್ನೂ ಕೇಳದಿದ್ದ ಮನುಷ್ಯ, ಕಡೆಯ ದಿನಗಳಲ್ಲಿ ಬೆಳಿಗ್ಗೆ ಸ್ನಾನ ಮಾಡಿ ಬಂದು ದೀಪದ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. "ಅವನಿಗೆ ನನ್ನ ಮೇಲೆ ಸಿಟ್ಟೇ ಇರ್ಲಿ ದೇವ್ರೇ" ಎನ್ನುತ್ತಿದ್ದರು, "ಸಿಟ್ಟಿಗೇ ಮಾತು ಬಿಟ್ಟಿರ್ಲಿ."