ಎರಡನೇ ಮಹಡಿಯ ವಾಸನೆ

ಬೆಳಿಗ್ಗೆ ಎದ್ದು ಹಾಸಿಗೆ ಮಡಿಸಿ, ತಣ್ಣೀರು ಕುಡಿದು, ನಮ್ಮ ಕಟ್ಟಡದ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದು ನನ್ನ ವ್ಯಾಯಾಮ. ಹಾಸ್ಟೆಲಿನ ಗಂಟೆಗೆ ಬೆಳೆದವನು ನಾನು. ನಿವೃತ್ತನಾಗಿ ವಡೋದರಾದಲ್ಲೇ ಉಳಿದ ಮೇಲೂ ಆ ಗಂಟೆ ಒಳಗೆ ಹೊಡೆಯುತ್ತಲೇ ಇದೆ. ಹೀಗೆ ಹತ್ತಿ ಇಳಿದು, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಮೂಗಿಗೆ ಪಾಠವಾಗಿದೆ. ಮೊದಲ ಮಹಡಿಯಲ್ಲಿ ಶುಂಠಿ ಚಹಾ, ಮೂರರಲ್ಲಿ ಮೆಂತ್ಯಸೊಪ್ಪಿನ ಥೇಪ್ಲಾ ರೊಟ್ಟಿ.

ನಾನಿರುವುದು ನಾಲ್ಕರಲ್ಲಿ. ಎರಡನೇ ಮಹಡಿಯಲ್ಲಿಯೂ ನನ್ನದೊಂದು ಮನೆಯಿದೆ. ಅದನ್ನು ಉಡುಪಿ ಕಡೆಯ ಒಬ್ಬ ಹೆಂಗಸಿಗೂ ಅವರ ಮಗಳಿಗೂ ಬಾಡಿಗೆಗೆ ಕೊಟ್ಟಿದ್ದೆ. ಗಂಡ ಸೂರತ್ತಿನ ವರಾಛಾದಲ್ಲಿ ಹೋಟೆಲು ನಡೆಸುತ್ತಿದ್ದರು. ವಜ್ರ ಉಜ್ಜುವವರೇ ಅವರ ಗಿರಾಕಿಗಳು. ಮಗಳಿಗೆ ವಡೋದರಾದಲ್ಲಿ ಕಾಲೇಜಿನ ಕೊನೆಯ ವರ್ಷ. ಅದಕ್ಕಾಗಿಯೇ ತಾಯಿ ಇಲ್ಲಿ ಮನೆ ಮಾಡಿದ್ದರು.

ಮನೆ ಕೊಡುವಾಗ ನಮ್ಮ ಕಟ್ಟಡದ ಸೊಸೈಟಿಯ ಕಾರ್ಯದರ್ಶಿ ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದ್ದರು: "ವೆಜ್ ತಾನೆ, ಕಾಕಾ?"

"ಉಡುಪಿ ಹೋಟೆಲಿನವರು" ಎಂದಿದ್ದೆ. ಅವರ ಮುಖ ಅರಳಿತ್ತು. ಇಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆ ಇಲ್ಲ. ಮೈಸೂರು ಸೀಮೆಯವನಾದ ನನಗೂ ಕರಾವಳಿ ಎಂದರೆ ದೋಸೆ, ನೀರುದೋಸೆ, ಅಷ್ಟೆ.

ಚಳಿಗಾಲದ ಒಂದು ಬೆಳಿಗ್ಗೆ ಕಾರ್ಯದರ್ಶಿ ಮೆಟ್ಟಿಲಲ್ಲೇ ನನ್ನನ್ನು ತಡೆದರು.

"ಕಾಕಾ, ನಿಮ್ಮ ಬಾಡಿಗೆಯವರು ಮೀನು ಬೇಯಿಸ್ತಿದ್ದಾರೆ. ಮೂರನೇ ಮಹಡಿಯವರಿಗೆ ತಲೆ ತಿರುಗೋ ಅಷ್ಟು ವಾಸನೆಯಂತೆ. ಖಾಲಿ ಮಾಡಿಸಿ."

"ಮೂರನೇ ಮಹಡಿಯವರು ಹುಟ್ಟಿದಾಗಿನಿಂದ ಮೀನೇ ನೋಡಿಲ್ಲ ಅಂತಿದ್ರಲ್ಲ. ವಾಸನೆ ಹೇಗೆ ಗುರುತು ಸಿಕ್ತು?"

"ತಮಾಷೆ ಬೇಡ. ಭಾನುವಾರ ಮೀಟಿಂಗ್ ಇದೆ. ಅಲ್ಲೂ ಒಪ್ಪದಿದ್ರೆ ಅವರ ನೀರಿನ ಲೈನು ಬಂದ್ ಮಾಡಬೇಕಾಗುತ್ತೆ."

"ಮೀನು ಬೇಯಿಸಬಾರದು ಅಂತ ಸೊಸೈಟಿಯ ಯಾವ ನಿಯಮದಲ್ಲಿದೆ?"

"ಎಲ್ಲರಿಗೂ ಗೊತ್ತಿರೋದನ್ನ ಯಾರು ಬರೆದಿಡ್ತಾರೆ ಕಾಕಾ?"

ಈ ಉತ್ತರ ನನ್ನ ಕುತೂಹಲ ಕೆರಳಿಸಿತು. ನನ್ನ ಕಚೇರಿಯಲ್ಲಿ ಬರೆಯದ ನಿಯಮಕ್ಕೆ ಬೆಲೆಯಿರಲಿಲ್ಲ. ಇಲ್ಲಿ ಬರೆಯದ ನಿಯಮವೇ ಎಲ್ಲಕ್ಕಿಂತ ಗಟ್ಟಿ. ಆದರೆ ಮೊದಲು ತಿಳಿಯಬೇಕಾದದ್ದು ವಾಸನೆ ಯಾವುದು ಎಂಬುದು. ಇಳಿದು ಹೋದೆ. ವಾಸನೆ ನಿಜವಾಗಿಯೂ ಇತ್ತು: ಹುಳಿ, ಉಪ್ಪು, ಮುಚ್ಚಿಟ್ಟ ಗೋಣಿಚೀಲದ ಹಾಗೊಂದು ಘಾಟು.

ಬಾಗಿಲು ತೆರೆದ ಮಗಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡಿದ್ದಳು. "ಅಂಕಲ್, ಪ್ಲೀಸ್ ಅಮ್ಮಂಗೆ ಬೋಲೋ ನಾ, ಇದು ಮನೇಲಿ ಬೇಡ ಅಂತ."

"ನಿನ್ನ ಅಜ್ಜಿ ಕೇಳ್ಬೇಕಿತ್ತು ಈ ಮಾತು" ಎಂದು ಒಳಗಿನಿಂದ ತಾಯಿ ಹೇಳಿದರು. ನಾನು ಬಂದ ವಿಷಯ ಕೇಳಿ ನಕ್ಕುಬಿಟ್ಟರು. "ಮೀನಾ? ಎಂತ ಸರ್, ಬನ್ನಿ, ಕಾಣಿ."

ಒಲೆಯ ಪಕ್ಕ ಒಂದು ಭರಣಿ. ಒಳಗೆ ಉಪ್ಪುಸೊಳೆ. ಬಲಿತ ಹಲಸಿನಕಾಯಿಯ ಸೊಳೆಗಳನ್ನು ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟು, ಬೇಕಾದಾಗ ನೀರಿನಲ್ಲಿ ನೆನೆಸಿ ಹಿಂಡಿ ಬೇಯಿಸುತ್ತಾರಂತೆ. ತಾಯಿಮನೆಯಿಂದ ರೈಲಿನಲ್ಲಿ ಬಂದದ್ದು. ತೆಂಗಿನಕಾಯಿ ಹಾಕಿ ಮಾಡಿದ್ದನ್ನು ಒಂದು ತಟ್ಟೆಯಲ್ಲಿ ಕೊಟ್ಟರು. ಮೂಗು ಬೇಡ ಎಂದರೂ ನಾಲಿಗೆ ಇನ್ನೊಂದು ಸಲ ಕೇಳಿತು.

ನನಗೆ ಉತ್ಸಾಹ ಬಂತು. "ಭಾನುವಾರ ಈ ಭರಣಿಯನ್ನೇ ಮೀಟಿಂಗಿಗೆ ತಗೊಂಡು ಹೋಗ್ತೀನಿ. ಎಲ್ಲರೂ ಮೂಸಲಿ. ಮುಗೀತು."

"ಬೇಡ ಸರ್." ಅವರ ನಗು ನಿಂತಿತ್ತು. "ನಾವು ಮೀನು ತಿನ್ನುವವರೇ. ಹೋಟ್ಲಲ್ಲಿ ಮಾತ್ರ ವೆಜ್ಜು. ಈ ಮನೆಗೆ ಬಂದ ಮೇಲೆ ಹೆದರಿ ಮಾಡ್ಲಿಲ್ಲ, ಅಷ್ಟೆ. ಈಗ ಭರಣಿ ತೋರ್ಸಿದ್ರೆ ನಾನು ಪಾಸು. ಮತ್ತೆ ದಿನಾ ಪರೀಕ್ಷೆ. ನಾಳೆ ಬಾಡಿಗೆಗೆ ಬರುವವ್ರ ಹತ್ರ ತೋರ್ಸ್ಲಿಕ್ಕೆ ಭರಣಿ ಇಲ್ದಿದ್ರೆ ಅವ್ರು ಎಲ್ಲಿಗೆ ಹೋಗುದು? ಈ ಊರಲ್ಲಿ ನಮ್ಗೆ ಎಷ್ಟು ಮನೆ ತಪ್ಪಿತು ಗೊತ್ತುಂಟಾ? ಇವ್ಳ ಪರೀಕ್ಷೆ ಮುಗಿಯುವವರೆಗೆ ಮತ್ತೆ ಮನೆ ಹುಡುಕ್ಲಿಕ್ಕೆ ನನ್ನಿಂದ ಆಗುದಿಲ್ಲ. ಆದ್ರೂ ಭರಣಿ ಬೇಡ."

ಉಡುಪಿ ಹೋಟೆಲಿನವರ ಮನೆಯಲ್ಲಿ ಮೀನು! ಇಷ್ಟು ವರ್ಷ ಅವರ ಇಡ್ಲಿ ತಿಂದವನಿಗೆ ಇದು ಹೊಸ ಭೂಗೋಳ.

ಮರುದಿನ ಪರಿಚಯದ ವಕೀಲರನ್ನು ಕಂಡೆ. ಕರಾರು ಇರುವುದು ನನ್ನ ಮತ್ತು ಬಾಡಿಗೆದಾರರ ನಡುವೆ, ಕಾನೂನಿನ ದಾರಿ ಬಿಟ್ಟು ಯಾರೂ ಅವರನ್ನು ಎಬ್ಬಿಸುವಂತಿಲ್ಲ, ನೀರು ನಿಲ್ಲಿಸಿದರೆ ನಿಲ್ಲಿಸಿದವರೇ ಉತ್ತರ ಕೊಡಬೇಕಾಗುತ್ತದೆ ಎಂದರು. "ಬಾಯಿಮಾತಿಗೆ ಬಾಯಿಮಾತು ಬೇಡ. ಅವರು ಏನು ಹೇಳಿದರೂ ಬರೆದು ಸಹಿ ಮಾಡಿ ಕೊಡಿ ಅಂತ ಕೇಳಿ."

ಮೀಟಿಂಗ್ ನಡೆದದ್ದು ಕೆಳಗೆ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಕಾರ್ಯದರ್ಶಿ ತಾಯಿಯನ್ನು ಗುಜರಾತಿಯಲ್ಲಿ ಅಕ್ಕಾ ಎಂದು ಕರೆದು ನೇರವಾಗಿ ಕೇಳಿದರು: "ಬೆನ್, ಅದು ಮೀನೋ, ಅಲ್ಲವೋ?"

ಅವರು ಎದ್ದು ನಿಂತರು. ಹೋಟೆಲಿನ ಗಲ್ಲಾದಲ್ಲಿ ಕೂತು ಕಲಿತ ಗುಜರಾತಿ, ಎಲ್ಲೂ ತಡವರಿಸಲಿಲ್ಲ. "ಅದನ್ನು ಹೇಳುವುದಿಲ್ಲ. ವಾಸನೆಯಿಂದ ತೊಂದರೆಯಾಗಿದ್ದರೆ ಅದನ್ನು ಸರಿ ಮಾಡುತ್ತೇನೆ. ಪಾತ್ರೆಯಲ್ಲಿ ಏನಿದೆ ಎನ್ನುವುದು ನನ್ನ ಮನೆಯ ವಿಷಯ."

ನಾನು ಹೇಳಿದ್ದು ಎರಡೇ ಮಾತು. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಮಾಲೀಕನಾದ ನನ್ನ ಕೆಲಸ. ಅವರಿಂದ ಮನೆ ಬಿಡಿಸಬೇಕೆಂದರೆ, ನೀರು ನಿಲ್ಲಿಸಬೇಕೆಂದರೆ, ಕಾರಣ ಬರೆದು ಎಲ್ಲರೂ ಸಹಿ ಹಾಕಿ ಕೊಡಿ.

ಕಾರ್ಯದರ್ಶಿ ಸುತ್ತ ನೋಡಿದರು. ಮೂರನೇ ಮಹಡಿಯವರು ಮೊಬೈಲಿನಲ್ಲಿ ಮುಳುಗಿದ್ದರು. ಯಾರೋ ಹಿಂದಿನಿಂದ, "ಆದ್ರೂ ಅದೇನಂತ ಹೇಳಬಹುದಿತ್ತು, ಬೆನ್. ಈಗ ನಿದ್ದೆ ಬರಲ್ಲ" ಎಂದರು. ಎಲ್ಲರೂ ನಕ್ಕರು. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿ ಕೂರುವುದು ನನಗೆ ಶಾಲೆಯಲ್ಲೂ ಕಷ್ಟವಾಗಿತ್ತು. ಕೂತೆ.

ಯಾರೂ ಬರೆದುಕೊಡಲಿಲ್ಲ. ನೀರೂ ನಿಲ್ಲಲಿಲ್ಲ. ಕರಾರು ನವೀಕರಿಸುವ ಹೊತ್ತಿಗೆ ಕಾರ್ಯದರ್ಶಿ ಒಂದು ಹೊಸ ಮಾದರಿ ತಂದುಕೊಟ್ಟರು. ಅದರಲ್ಲಿ, ಬಾಡಿಗೆದಾರರು ಮಾಂಸಾಹಾರ ಬೇಯಿಸತಕ್ಕದ್ದಲ್ಲ ಎಂಬ ಸಾಲು ಈಗ ಬಂದಿತ್ತು. ಬರೆಯದ ನಿಯಮ ಕೊನೆಗೂ ಕಾಗದಕ್ಕೆ ಇಳಿದಿದೆ ಎಂದು ಅದನ್ನು ಎರಡು ಸಲ ಓದಿದೆ. ಆಮೇಲೆ ಸ್ಕೇಲು ಇಟ್ಟು ಆ ಸಾಲನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ನಾನೂ ಬಾಡಿಗೆದಾರರೂ ಸಹಿ ಮಾಡಿದೆವು.

"ನಿಮ್ಮ ಮನೆ, ನಿಮ್ಮ ಹಣೆಬರಹ ಕಾಕಾ" ಎಂದರು ಕಾರ್ಯದರ್ಶಿ.

ಮಗಳ ಪರೀಕ್ಷೆ ಮುಗಿದ ವಾರ ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿಯಲ್ಲಿ ಫ್ಯಾನು ಗುಂಯ್ ಎನ್ನುತ್ತಿತ್ತು. ಆದರೂ ಬಾಗಿಲ ಸಂದಿಯಿಂದ ಒಂದಿಷ್ಟು ವಾಸನೆ ಬಂತು. ಉಪ್ಪುಸೊಳೆ ನನಗೀಗ ಗೊತ್ತು, ಇದು ಅದಲ್ಲ. ಹುಣಸೆ, ಕೆಂಪು ಮೆಣಸು, ಹುರಿದ ಕೊತ್ತಂಬರಿ, ಅವುಗಳ ಅಡಿಯಲ್ಲಿ ನಾನು ಹೆಸರಿಸಲಾರದ ಇನ್ನೊಂದು. ಕೈ ಬೆಲ್ಲಿನ ಕಡೆ ಹೋಯಿತು. ವಾಪಸು ತೆಗೆದುಕೊಂಡು ಮೂರನೇ ಮಹಡಿಗೆ ಹತ್ತಿದೆ.