ಮಂಜುಗಡ್ಡೆ ಕಾರ್ಖಾನೆಗೆ ಬೇಕಾಗಿದ್ದ ಎರಡು ಕಿವಿ

ಮಹ್ದಿಯಾ ಬಂದರಿನ ಮಂಜುಗಡ್ಡೆ ಕಾರ್ಖಾನೆಯನ್ನು ಮೊಂಜಿ ಒಬ್ಬನೇ ನಡೆಸುತ್ತಿದ್ದ. ಅವನಿಗೆ ಮದುವೆಯಾಗಿರಲಿಲ್ಲ, ಯಂತ್ರದ ಕೋಣೆಯ ಮೇಲಿನ ಅಟ್ಟದಲ್ಲೇ ವಾಸ. ಕಂಪ್ರೆಸರ್ ಸದ್ದಿನಲ್ಲೇ ವಯಸ್ಸು ಕಳೆದು ಕಿವಿಗಳು ಹೆಚ್ಚುಕಮ್ಮಿ ಹೋಗಿದ್ದವು. ಅವನು ನನ್ನ ಕಾಫಿ ಅಂಗಡಿಗೆ ಬಂದರೆ ಜನ ಸಲಾಂ ಹೇಳುತ್ತಿದ್ದರು, ಅವನು "ಏನಂದ್ರಿ?" ಎಂದು ಎರಡನೆಯ ಸಲ ಕೇಳುವಷ್ಟರಲ್ಲಿ ಬೇರೆ ಮೇಜಿಗೆ ಸರಿದುಬಿಡುತ್ತಿದ್ದರು.

ಲಝರ್ ಒಬ್ಬ ಮಾತ್ರ ಸರಿಯುತ್ತಿರಲಿಲ್ಲ. ಮೀನು ಡಬ್ಬಿ ಕಾರ್ಖಾನೆಯ ಗೇಟಿನಲ್ಲಿ ಕೂರುತ್ತಿದ್ದ ಆಸಾಮಿ, ವಾಚಾಳಿ. ಸಂಜೆ ಇಬ್ಬರೂ ಇಸ್ಪೀಟು ಆಡುವಾಗ ಊರ ಸುದ್ದಿಯನ್ನೆಲ್ಲ ಮೊಂಜಿಯ ಕಿವಿಗೆ ಬಾಯಿಟ್ಟು ಕೂಗುತ್ತಿದ್ದ. ಅದು ನಮಗೆಲ್ಲ ಕೇಳಿಸುತ್ತಿತ್ತು ಅನ್ನುವುದು ಬೇರೆ ಮಾತು.

ಡಬ್ಬಿ ಕಾರ್ಖಾನೆ ಮುಚ್ಚಿತು. ಅದೇ ಹೊತ್ತಿಗೆ ಮೊಂಜಿಗೂ ಒಬ್ಬ ಆಳು ಬೇಕಾಗಿತ್ತು. ಯಂತ್ರದ ಸದ್ದು ಬದಲಾದರೆ, ನೀರು ಹೆಪ್ಪುಗಟ್ಟಿಸುವ ಅಮೋನಿಯ ಅನಿಲ ಎಲ್ಲೋ ಸೋರಿ ಬುಸ್ಸೆಂದರೆ ಅವನಿಗೀಗ ತಿಳಿಯುತ್ತಿರಲಿಲ್ಲ.

"ನನ್ನನ್ನೇ ಇಟ್ಕೊಳೋ," ಎಂದ ಲಝರ್.

"ನಿಂಗೆ ಸ್ಪ್ಯಾನರ್ ಹಿಡಿಯೋಕೆ ಬರಲ್ವಲ್ಲೋ!"

"ನೀನೇನು ಹೊಟ್ಟೇಲೇ ಕಲ್ತು ಬಂದ್ಯಾ? ಹೇಳ್ಕೊಡು."

ಮೊಂಜಿ ಇಸ್ಪೀಟಿನ ಎಲೆಗಳನ್ನು ಕೆಳಗಿಟ್ಟ. ಲಝರ್ ಎದ್ದು ಹೋದ ಮೇಲೆ ನನ್ನನ್ನು ಕರೆದು, "ಬೇಡ ಅಂದ್ರೆ ನಾಳೆ ಆಟಕ್ಕೆ ಬರ್ತಾನಾ ಇವ್ನು?" ಎಂದು ಕೇಳಿದ. ನನಗೇನು ಗೊತ್ತು? ಲೋಟ ಎತ್ತಿಕೊಂಡು ಒಳಗೆ ಹೋದೆ.

ಕೊನೆಗೆ ಮೊಂಜಿ ಅವನನ್ನು ಕೆಲವು ದಿನ ಪರೀಕ್ಷೆಗೆಂದು ಇಟ್ಟುಕೊಂಡ. ಆ ದಿನಗಳಲ್ಲಿ ಮೊಂಜಿ ನಗುತ್ತಾ ಓಡಾಡಿದ್ದನ್ನು ಬಂದರಿನವರೆಲ್ಲ ನೋಡಿದ್ದಾರೆ. ಮಧ್ಯಾಹ್ನ ಇಬ್ಬರೂ ಬಾಗಿಲಲ್ಲಿ ಕೂತು ಬ್ರೆಡ್ಡನ್ನು ಹರೀಸಾ ಎಂಬ ಖಾರದ ಮೆಣಸಿನ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದರು.

ಒಂದು ಬೆಳಿಗ್ಗೆ ಒಳಗಿನಿಂದ ಘಾಟು ಬಂತು. "ಹಿಂದ್ಗಡೆ ವಾಲ್ವ್ ಮುಚ್ಚಿ ಬಾ," ಎಂದು ಮೊಂಜಿ ಕಳಿಸಿದ. ಲಝರ್ ಹೋಗಿ ಬಂದು, ಮುಚ್ಚಿದೆ ಎಂದು ಕೈಸನ್ನೆ ಮಾಡಿದ. ಇದು ಮೊದಲೇ ಸೋರಿದ್ದರ ಘಾಟು ಎಂದುಕೊಂಡು ಮೊಂಜಿ ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಒಳಗೆ ನಡೆದ. ಅನಿಲ ಇನ್ನೂ ಬುಸುಗುಡುತ್ತಿತ್ತು. ಬೇರೆಯವರಾಗಿದ್ದರೆ ಹೊಸ್ತಿಲಲ್ಲೇ ಕೇಳಿಸಿಕೊಂಡು ಹಿಂದೆ ಸರಿಯುತ್ತಿದ್ದರು. ಅವನು ಕುಸಿದು ಬಿದ್ದಾಗ ಎಳೆದು ತಂದವರು ದೋಣಿಯವರು.

ಆಸ್ಪತ್ರೆಯಲ್ಲಿ ಲಝರ್ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ನಾನು ಸೂಪು ಒಯ್ದಾಗ ಅವನು ಅಳುತ್ತಿದ್ದ. ಬಾಗಿಲು ದಾಟಿದೊಡನೆ ಕಣ್ಣುರಿ ಬಂದು ವಾಲ್ವಿನವರೆಗೆ ಹೋಗಲು ಧೈರ್ಯ ಸಾಲಲಿಲ್ಲವಂತೆ.

ಮೊಂಜಿಯ ಗಂಟಲು ಗೊರಗೊರ ಅನ್ನುತ್ತಿತ್ತು. "ಹೆದ್ರಿಕೆ ಆಯ್ತು ಅಂತ ಹೇಳ್ಬೇಕಿತ್ತು ಕಣೋ. ಅಷ್ಟು ಹೇಳಿದ್ರೆ ಸಾಕಿತ್ತು. ಇನ್ಮೇಲೆ ಕೆಲ್ಸಕ್ಕೆ ಬರ್ಬೇಡ."

ಲಝರ್ ಕಣ್ಣೊರೆಸಿಕೊಂಡು ಎದ್ದ. "ಕಿವೀಲಿ ಕೂಗೋಕೆ ನಾನು ಬೇಕು. ಕೆಲ್ಸಕ್ಕೆ ಬೇಡ. ಅಲ್ವಾ?"

ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದ. ಮೊಂಜಿಗೆ ಅದು ಪೂರ್ತಿ ಕೇಳಿಸಿತು.

ಆಮೇಲೆ ಸ್ಫಾಕ್ಸ್ ಪಟ್ಟಣದಿಂದ ಸಲ್ವಾ ಎಂಬ ಹುಡುಗಿ ಬಂದಳು, ತರಬೇತಾದ ಮೆಕ್ಯಾನಿಕ್. ಯಂತ್ರ ಈಗ ಹೊಸದರಂತೆ ಓಡುತ್ತದೆ. ಏನಾದರೂ ಹೇಳುವುದಿದ್ದರೆ ಅವಳು ಫೋನಿನಲ್ಲಿ ಬರೆದು ತೋರಿಸುತ್ತಾಳೆ, ಕೆಲಸ ಮುಗಿದೊಡನೆ ಬಸ್ಸು ಹತ್ತುತ್ತಾಳೆ. ಲಝರ್‌ಗೆ ಮೀನು ಹರಾಜು ಕೂಗುವ ಕೆಲಸ ಸಿಕ್ಕಿತು. ಸಂಜೆ ಇಲ್ಲಿಗೇ ಬರುತ್ತಾನೆ, ಹರಾಜಿನವರ ಜೊತೆ ಕೂರುತ್ತಾನೆ.

ಮೊಂಜಿ ಸಂಜೆ ಬರುವುದನ್ನು ಬಿಟ್ಟ. ಬಿಸಿಲ ಹೊತ್ತಿನಲ್ಲಿ, ಮೇಜುಗಳೆಲ್ಲ ಖಾಲಿ ಇರುವಾಗ ಬರುತ್ತಾನೆ. ಒಮ್ಮೆ, "ಲಝರ್‌ನ ಕೆಲ್ಸದಿಂದ ತೆಗ್ದಿದ್ದು ಸರೀನೇ," ಎಂದೆ.

"ಏನಂದೆ?"

ಇನ್ನೊಮ್ಮೆ ಜೋರಾಗಿ ಹೇಳಬೇಕಿತ್ತು. ಅಷ್ಟರಲ್ಲಿ ಯಾರೋ ಗಿರಾಕಿ ಒಳಗೆ ಬಂದರು. ಕಾಫಿ ಬೇಕಾ ಎಂದು ಸನ್ನೆ ಮಾಡಿದೆ. ಅವನು ಹೂಂ ಎಂದು ತಲೆಯಾಡಿಸಿದ.